ಸೂಲಗಿತ್ತಿಯ ಬುದ್ಧಿಗೆ ಎಷ್ಟು ಅಂಕ?

ಧಾರವಾಡ ಜಿಲ್ಲೆಯ ಬೇರೆ ಬೇರೆ ತಾಲೂಕಿನಿಂದ ಸುದ್ದಿ ಕಳಿಸುವ ನಾವು ಐದು ಮಂದಿ ತಿಂಗಳಿಗೊಂದು ಭಾನುವಾರ ಹುಬ್ಬಳ್ಳಿಯ ವಿದ್ಯಾನಗರದ ಒಂದು ಬಾಡಿಗೆ ಖೋಲಿಯಲ್ಲಿ ಸೇರುತ್ತೇವೆ. ಗಿರಮಿಟ್ಟು, ಮಿರ್ಚಿ, ಚಹಾ, ಒಂದು ನೋಟ್‌ಬುಕ್ಕು, ಒಂದಿಷ್ಟು ದಾಳ. ಮೊದಲ ಸಲ ದಾಳ ನೋಡಿದ ಮನೆ ಮಾಲಕರು ಬಾಗಿಲಲ್ಲೇ ನಿಂತರು. "ಏನ್ರೋ ತಮ್ಮಾ, ಜೂಜು ಆಡಾಕ ಹತ್ತೀರೇನು?" ಅಂದರು. ದಾಳ ಅಂದರೆ ಶಕುನಿ ನೆನಪಾಗುವ ನಾಡಿದು, ಅವರದೇನು ತಪ್ಪು? ಒಂದು ರೂಪಾಯಿಯೂ ಇಲ್ಲ ಕಾಕಾ, ಇದು ಕಥೆ ಹೇಳೋ ಆಟ ಅಂತ ಕೂಡಿಸಿ ತೋರಿಸಿದ ಮೇಲೆ ಒಂದು ಮಿರ್ಚಿ ತಿಂದು ಹೋದರು.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಇದನ್ನು ಅಚ್ಚು ಹಾಕಿಸಿದರು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಕಾಡಿನಲ್ಲಿ ಕಳ್ಳರು ಬಂದರು, ಏನು ಮಾಡುತ್ತೀ? ನೀವು ಹೇಳುತ್ತೀರಿ, ಆಯಿತೋ ಇಲ್ಲವೋ ಅನ್ನುವುದನ್ನು 20 ಮುಖದ ದಾಳ ಹೇಳುತ್ತದೆ. ಚೌಕಾಬಾರಾದಲ್ಲಿ ಕವಡೆ ಬಿದ್ದಷ್ಟು ಮನೆ ನಡೆಯುತ್ತೀರಿ. ಇಲ್ಲಿ ದಾಳ ಬಿದ್ದಿದ್ದಕ್ಕೆ ನಿಮ್ಮ ಪಾತ್ರದ ಗುಣವೂ ಕೂಡುತ್ತದೆ. ಅಷ್ಟೇ ಫರಕು.

ಗುಣಗಳು ಆರು. ಇಂಗ್ಲಿಷ್ ಹೆಸರು ಬಿಟ್ಟು ನಾವು ನಮ್ಮವೇ ಇಟ್ಟುಕೊಂಡಿದ್ದೇವೆ: ಕಸುವು, ಚುರುಕು, ಗಟ್ಟಿತನ, ಬುದ್ಧಿ, ವಿವೇಕ, ವರ್ಚಸ್ಸು. ಹಂಚಲು ಸಿಗುವ ಅಂಕಗಳೂ ಆರೇ: 15, 14, 13, 12, 10, 8. ಯಾವುದನ್ನು ಎಲ್ಲಿ ಇಡುವುದು ನಿಮ್ಮ ಇಷ್ಟ, ಆದರೆ 8 ಎಲ್ಲೋ ಒಂದು ಕಡೆ ಬೀಳಲೇಬೇಕು. 10 ಇದ್ದರೆ ದಾಳಕ್ಕೆ ಏನೂ ಕೂಡುವುದಿಲ್ಲ. 12ಕ್ಕೆ ಒಂದು, 14ಕ್ಕೆ ಎರಡು, 16ಕ್ಕೆ ಮೂರು ಕೂಡುತ್ತದೆ. 8ಕ್ಕೆ ಒಂದು ಕಳೆಯುತ್ತದೆ. ಬೆಸ ಅಂಕಿಗೆ ಅದರ ಹಿಂದಿನ ಸಮ ಅಂಕಿಯ ಲಾಭವೇ ಸಿಗುತ್ತದೆ. ಆದರೂ ಬೆಸ ದಂಡವಲ್ಲ. ನಾವು ಆಡುವ 2014ರ ನಿಯಮದಲ್ಲಿ ಮನುಷ್ಯ ಪಾತ್ರ ತೆಗೆದುಕೊಂಡರೆ ಆರಕ್ಕೂ ಒಂದೊಂದು ಅಂಕ ಹೆಚ್ಚಾಗುತ್ತದೆ, 15 ಇದ್ದದ್ದು 16 ಆಗುತ್ತದೆ.

ಮೊನ್ನೆ ನಮ್ಮಲ್ಲಿ ಜಗಳ ಹತ್ತಿದ್ದು ಕ್ಲೆರಿಕ್ ಪಾತ್ರದ ಮೇಲೆ. ಕ್ಲೆರಿಕ್ ಅಂದರೆ ದೈವದ ಬಲದಿಂದ ಗಾಯ ಮಾಯಿಸುವ, ಗುಂಪನ್ನು ಕಾಯುವ ಪಾತ್ರ. ಪೂಜಾರಿ ಅಂದರೆ ಸರಿಹೊಂದುವುದಿಲ್ಲ, ಸ್ವಾಮಿಗಳು ಅಂದರೂ ಇಲ್ಲ. ಆರ್ನೆಸನ್ನರ ಗುಂಪಿನಲ್ಲಿ ಒಬ್ಬ ರಕ್ತ ಹೀರುವ ಪಿಶಾಚಿಯಾಗಿ ಆಡುತ್ತ ಯಾರಿಗೂ ಬಗ್ಗದೆ ಹೋದಾಗ, ಅವನನ್ನು ತಡೆಯಲೆಂದೇ ಈ ಪಾತ್ರ ಹುಟ್ಟಿತಂತೆ. ಅದಿರಲಿ.

ಕ್ಲೆರಿಕ್‌ನ ಮಂತ್ರಕ್ಕೆಲ್ಲ ವಿವೇಕವೇ ಬಂಡವಾಳ. ಹಾಗಾಗಿ 15 ಅಲ್ಲಿಗೆ, ಅದರಲ್ಲಿ ತಕರಾರಿಲ್ಲ. 14 ಗಟ್ಟಿತನಕ್ಕೆ. ಇದನ್ನು ಹೊಸಬರು ಮರೆಯುತ್ತಾರೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಕ್ಲೆರಿಕ್‌ನ ಕೆಲವು ಒಳ್ಳೆಯ ಮಂತ್ರಗಳು ಧ್ಯಾನ ಹಿಡಿದಿರುವ ತನಕ ಮಾತ್ರ ನಿಲ್ಲುತ್ತವೆ. ಮೂವರು ಜೊತೆಗಾರರಿಗೆ ಆಶೀರ್ವಾದ ಕೊಟ್ಟು ನಿಂತಿದ್ದೀರಿ, ಅಷ್ಟರಲ್ಲಿ ನಿಮಗೊಂದು ಏಟು ಬಿತ್ತು ಅನ್ನಿ. ಸಣ್ಣ ಏಟಾದರೆ ದಾಳದಲ್ಲಿ 10 ದಾಟಬೇಕು ಇಲ್ಲವೇ ಮುಟ್ಟಬೇಕು. ಗಟ್ಟಿತನ 10 ಇದ್ದರೆ 20ರಲ್ಲಿ 11 ಸಲ ಉಳಿಯುತ್ತೀರಿ. 14 ಇದ್ದರೆ 13 ಸಲ. ಎರಡೇ ಸಲದ ಅಂತರ, ಆದರೆ ಗಾಯ ಮಾಯಿಸುವವಳೇ ಮೊದಲು ಬಿದ್ದರೆ ಉಳಿದವರನ್ನು ಎತ್ತುವವರು ಯಾರು?

ಉಳಿದ 8ನ್ನು ಬುದ್ಧಿಗೆ ಹಾಕಿಬಿಡು ಎಂಬುದು ಆಟಗಾರರ ರೂಢಿ. ಕ್ಲೆರಿಕ್‌ಗೆ ಬುದ್ಧಿಯಿಂದ ಆಗುವ ಲಾಭ ಕಡಿಮೆ. ನಾವು ನಾಲ್ವರೂ ಅದನ್ನೇ ಹೇಳಿದೆವು. ಕಲಘಟಗಿ ಕಡೆಯ ನಮ್ಮ ಗೆಳತಿ ಪೆನ್ಸಿಲ್ ಕೆಳಗಿಟ್ಟಳು.

ಅವಳ ಪಾತ್ರ ಒಬ್ಬ ಸೂಲಗಿತ್ತಿ. ಅವಳ ಆಯಿಯೇ ಸೂಲಗಿತ್ತಿ ಆಗಿದ್ದವಳು. "ನಮ್ಮ ಆಯಿ ಸಾಲಿಗೆ ಹೋಗಿಲ್ಲ. ಹಂಗಂತ ಬುದ್ಧಿ ಎಂಟಾ? ಊರಾಗ ಯಾರ ಮನ್ಯಾಗ ಯಾವ ಕೂಸು ಯಾವ ಅಮಾಸಿಗೆ ಹುಟ್ಟಿದ್ದು, ಯಾರಿಗೆ ಮೊದಲನೇ ಹೆರಿಗಿ ಕಷ್ಟ ಆಗಿತ್ತು, ಎಲ್ಲಾ ಬಾಯಿಪಾಠ ಇತ್ತು ಆಕಿಗೆ. ನಿಮಗ ನಿನ್ನೆ ಕಳಿಸಿದ ಸುದ್ದಿ ನೆನಪೈತೇನ್ರೋ?"

ನವಲಗುಂದದವನು ಪಟ್ಟು ಬಿಡಲಿಲ್ಲ. "ಅಕ್ಕಾ, ಅದು ವಿವೇಕದಾಗ ಬಂತಲ್ಲ. ನಿಯಮ ನೋಡು." ಅವನು ಹೇಳಿದ್ದೂ ಖರೆ. ಈ ಆಟದಲ್ಲಿ ವೈದ್ಯ ವಿವೇಕದ ಕೆಳಗೆ ಬರುತ್ತದೆ. ಇನ್ನೊಬ್ಬರ ಮನಸ್ಸು ಅರಿಯುವುದು, ದನಕರು ಪಳಗಿಸುವುದು ಕೂಡ ಅಲ್ಲೇ. ತಮಾಷೆ ಅಂದರೆ ಧರ್ಮದ ತಿಳಿವಳಿಕೆ ಮಾತ್ರ ಬುದ್ಧಿಯ ಕೆಳಗಿದೆ. ಶಾಸ್ತ್ರ ಗೊತ್ತಿಲ್ಲದಿದ್ದರೂ ಒಳ್ಳೆಯ ಕ್ಲೆರಿಕ್ ಆಗಬಹುದು ಅಂತ ನಿಯಮ ಬರೆದವರೇ ಒಪ್ಪಿದಂತಾಯಿತು! ಆದರೆ ಅದೇ ಪುಸ್ತಕ ನೆನಪಿನ ಶಕ್ತಿಯನ್ನು ಬುದ್ಧಿಗೇ ಸೇರಿಸಿದೆ. ಅವಳು ಬೆರಳಿಟ್ಟದ್ದು ಅಲ್ಲಿಗೆ.

ಆಗ ನೆನಪಾದವರು ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಹೋದರು. 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು ಅಂತ ಪತ್ರಿಕೆಗಳು ಬರೆದವು. ಇಂಥವರ ಸುದ್ದಿ ಸಾಮಾನ್ಯವಾಗಿ ಶುರುವಾಗುವುದೇ "ಅನಕ್ಷರಸ್ಥೆಯಾದರೂ" ಎಂಬ ಪದದಿಂದ. ಆ "ಆದರೂ" ಇದೆಯಲ್ಲ, ಅದೇ ಈ 8.

ಕೊನೆಗೆ ಅವಳು ಬರೆದದ್ದು ಹೀಗೆ: ವಿವೇಕ 15, ಗಟ್ಟಿತನ 14, ಬುದ್ಧಿ 13, ಚುರುಕು 12, ವರ್ಚಸ್ಸು 10, ಕಸುವು 8. ಮನುಷ್ಯ ಕುಲದ ಒಂದಂಕ ಕೂಡಿ ವಿವೇಕ 16, ಬುದ್ಧಿ 14 ಆದವು. ಕಸುವು ಕಡಿಮೆಯಾದ್ದರಿಂದ ಗದೆ ಬೀಸಿದರೆ ಗುರಿ ತಪ್ಪುವುದು ಹೆಚ್ಚು, ಭಾರದ ಕವಚ ತೊಟ್ಟರೆ ನಡಿಗೆ ನಿಧಾನ. "ವಯಸ್ಸಾದ ಹೆಣಮಗಳು ಗದಾ ಯಾಕ ಬೀಸ್ತಾಳ, ನೀವದೀರಲ್ಲ?" ಅಂದಳು. ನಮ್ಮ ಲೆಕ್ಕದಲ್ಲಿ ಇದು ನಷ್ಟದ ಹಂಚಿಕೆಯೇ. ಆದರೆ ಹಾಳೆ ನೋಡಿದರೆ ಒಬ್ಬ ಮನುಷ್ಯಳು ಕಾಣುತ್ತಾಳೆ, ಬರೀ ಅಂಕಿಗಳಲ್ಲ. ನಮ್ಮ ಐವರ ಹಾಳೆಗಳಲ್ಲಿ ಹಾಗೆ ಕಾಣುವುದು ಅದೊಂದೇ.

ನಿಮ್ಮೂರಲ್ಲಿ ಆಡಬೇಕೆಂದರೆ ದೊಡ್ಡ ಖರ್ಚಿಲ್ಲ. ಮೂಲ ನಿಯಮಗಳನ್ನು 2023ರಲ್ಲಿ ಯಾರು ಬೇಕಾದರೂ ಬಳಸಬಹುದೆಂದು ಬಿಟ್ಟಿದ್ದಾರೆ. ಇಂಗ್ಲಿಷಿನಲ್ಲಿವೆ, ಪುಕ್ಕಟೆ ಸಿಗುತ್ತವೆ. 20 ಮುಖದ ದಾಳ ಸಿಗದಿದ್ದರೆ 1ರಿಂದ 20ರ ತನಕ ಚೀಟಿ ಬರೆದು ತಂಬಿಗೆಯಲ್ಲಿ ಹಾಕಿ ಎತ್ತಿ. ಎತ್ತಿದ ಚೀಟಿಯನ್ನು ತಿರುಗಿ ತಂಬಿಗೆಗೆ ಹಾಕಬೇಕು, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ.

ನಮ್ಮ ಸೂಲಗಿತ್ತಿ ಈಗ ಮೂರನೇ ಹಂತದಲ್ಲಿದ್ದಾಳೆ. ನಾಲ್ಕನೆಯದಕ್ಕೆ ಏರಿದರೆ ಎರಡು ಅಂಕ ಹೆಚ್ಚಿಗೆ ಸಿಗುತ್ತವೆ. ಎರಡನ್ನೂ ವಿವೇಕಕ್ಕೆ ಹಾಕಿ 18 ಮಾಡು ಅಂತ ನವಲಗುಂದದವನು ಈಗಲೇ ಬೆನ್ನು ಹತ್ತಿದ್ದಾನೆ. ಅವಳು ಇನ್ನೂ ಹೂಂ ಅಂದಿಲ್ಲ.