ನಿಡುಗಲ್ಲಿನಲ್ಲಿ ತೆಗೆದ ಒಂದು ಪಟ

ಪಟ ತೆಗೆಯುವ ಚಪಲವುಳ್ಳವರಿಗೆ ಮಧುಗಿರಿಯ ಬೆಟ್ಟಕ್ಕಿಂತ ಒಳ್ಳೆಯ ಸ್ಥಳವು ತುಮಕೂರು ಸೀಮೆಯಲ್ಲಿ ದೊರೆಯಲಾರದು. ಭಾನುವಾರ ಬೆಳಗಾಗುವಷ್ಟರಲ್ಲಿ ಬೆಂಗಳೂರಿನ ಕಾರುಗಳು ಬುಡದಲ್ಲಿ ಸಾಲುಗಟ್ಟುವುವು. ಅವುಗಳಿಂದಿಳಿದವರಲ್ಲಿ ಕೆಲವರಷ್ಟೇ ಆ ಏಕಶಿಲೆಯ ನೆತ್ತಿಯನ್ನು ಮುಟ್ಟುವರು; ಮಿಕ್ಕವರಿಗೆ ತಮ್ಮ ಮುಖದ ಹಿಂದೆ ಕೋಟೆಯ ಬಾಗಿಲೊಂದು ಕಂಡರಾಯಿತು.

ನಾವು ಮೂವರು ಹೋದುದು ಕೋಟೆಯನ್ನು ನೋಡಲಿಕ್ಕಲ್ಲ, ಕೋಟೆ ನೋಡಬಂದವರನ್ನು ನೋಡಲಿಕ್ಕೆ. ಇಂಗ್ಲೆಂಡಿನ ಮಾರ್ಟಿನ್ ಪಾರ್ ಎಂಬ ಛಾಯಾಗ್ರಾಹಕನ ಪುಸ್ತಕವು ನಮ್ಮ ತಲೆಯನ್ನು ಕೆಡಿಸಿದ್ದಿತು. ಆತನು 1983ರಿಂದ 1985ರವರೆಗೆ ಲಿವರ್‌ಪೂಲಿನ ಬಳಿಯ ನ್ಯೂ ಬ್ರೈಟನ್ ಕಡಲತೀರದಲ್ಲಿ ರಜಾ ಕಳೆಯಬಂದ ಶ್ರಮಿಕ ಸಂಸಾರಗಳನ್ನು, ಹಗಲಿನಲ್ಲಿಯೇ ಫ್ಲಾಷ್ ದೀಪ ಹಾಕಿ, ಗಾಢವಾದ ಬಣ್ಣಗಳಲ್ಲಿ ಹಿಡಿದನು. ಕಸದ ನಡುವೆ ತಿಂಡಿ, ಅಳುವ ಕೂಸು, ಬಿಸಿಲು ಕಾಯುವ ತಾಯಿ. 1986ರಲ್ಲಿ ಅವು 'ದಿ ಲಾಸ್ಟ್ ರೆಸಾರ್ಟ್' ಎಂಬ ಪುಸ್ತಕವಾದಾಗ, ಉಳ್ಳವನು ಇಲ್ಲದವರನ್ನು ಕಂಡು ನಗುತ್ತಾನೆಂದು ಹಲವರು ಮುನಿದರು. ಬಳಿಕ ಆತನು ಮಧ್ಯಮವರ್ಗದ ತನ್ನವರ ಕಡೆಗೇ ಕ್ಯಾಮೆರಾ ತಿರುಗಿಸಿದನು. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರೂ ಸಾಮಾನ್ಯರ ದಿನಚರಿಯನ್ನೇ ಹಿಡಿದವರು. ಆದರೆ ಅವರ ಪಟಗಳಲ್ಲಿ ಕೊಂಕಿಲ್ಲ, ಅಕ್ಕರೆಯಿದೆ. ನಮಗೆ ಅಂದು ಬೇಕಾಗಿದ್ದುದು ಕೊಂಕು.

ಅದಕ್ಕೇನೂ ಕೊರತೆಯಾಗಲಿಲ್ಲ. ಹೊಸ ಬೂಟು ಜಾರಿ ಕುಳಿತುಬಿಟ್ಟ ಯಜಮಾನರು. ಬಾಯಾರಿದ ಮಗುವಿಗೆ ನೀರು ಕೊಡುವುದಕ್ಕೆ ಮೊದಲು ಅದರ ಪಟ ತೆಗೆದ ತಂದೆ. ಬರಿಗಾಲಿನಲ್ಲಿ ಇವರೆಲ್ಲರನ್ನೂ ದಾಟಿ ಓಡಿದ ಊರ ಹುಡುಗರು. ಸೌತೆಕಾಯಿಗೆ ಉಪ್ಪುಖಾರ ಸವರುತ್ತ, ಯಾರು ಕೊಳ್ಳುವರು, ಯಾರು ಚೌಕಾಸಿಮಾಡುವರೆಂದು ಒಂದೇ ನೋಟದಲ್ಲಿ ಅಳೆದ ಅಜ್ಜಿ. ಅರವತ್ತು ಪಟಗಳನ್ನು ತೆಗೆದೆವು. ಬಹಳ ನಕ್ಕೆವು.

ಮಧ್ಯಾಹ್ನ ಪಾವಗಡದ ಕಡೆಯ ನಿಡುಗಲ್ಲಿಗೆ ಬಂದೆವು. ಚೋಳವಂಶದವರೆಂದು ಹೇಳಿಕೊಂಡ ಅರಸರು ಹೊಯ್ಸಳರೊಡನೆ ಸೆಣಸಿದ ದುರ್ಗವಿದು. ಅಂದು ಒಡೆದ ಗೋಡೆಗಳ ನಡುವೆ ಕುರಿಗಳು ಮೇಯುತ್ತಿದ್ದುವು. ಪ್ರವಾಸಿಗಳೊಬ್ಬರೂ ಇಲ್ಲದುದರಿಂದ ನಮ್ಮ ಕ್ಯಾಮೆರಾಕ್ಕೆ ಕೆಲಸವಿರಲಿಲ್ಲ. ಮಡಿಸುವ ಕುರ್ಚಿಗಳನ್ನು ಹಾಕಿ, ಬಣ್ಣದ ಕೊಡೆಯನ್ನು ಬಿಡಿಸಿ, ಬುತ್ತಿ ಬಿಚ್ಚಿದೆವು.

ಎದುರಿನ ಬಂಡೆಯ ಮೇಲೆ ಕುರಿಕಾಯುವ ಹುಡುಗರಿಬ್ಬರು ಕುಳಿತಿದ್ದರು. ಅವರಲ್ಲೊಬ್ಬನು ಮೊಬೈಲನ್ನೆತ್ತಿ, "ಇತ್ಲಾಗ್ ನೋಡಿ ಸಾರ್" ಎಂದನು. ಮೂವರೂ ತಿರುಗಿದೆವು, ಬಾಯಿತುಂಬ ಪುಳಿಯೋಗರೆಯಿದ್ದಿತು. ಇಬ್ಬರೂ ಪಟವನ್ನು ನೋಡಿ ನೋಡಿ ನಕ್ಕರು.

"ಎಲ್ಲಿ, ತೋರಿಸಪ್ಪ" ಎಂದೆವು.

ಹುಡುಗನು ಮೊಬೈಲನ್ನು ಜೇಬಿಗೆ ಇಳಿಬಿಟ್ಟು, ಕುರಿಗಳ ಹಿಂದೆ ಗುಡ್ಡವಿಳಿದನು.