ಆಂಗ್ಲ ಪದಕೋಶದಲ್ಲಿ ಹಣ್ಣುಗಳು

ಪ್ರೌಢಶಾಲೆಯಲ್ಲಿ ಆಂಗ್ಲಭಾಷೆಯನ್ನು ಬೋಧಿಸುವವರು ಮೊದಲು ಎದುರಿಸಬೇಕಾದುದು ವ್ಯಾಕರಣವನ್ನಲ್ಲ, ಮಕ್ಕಳ ಅಂಜಿಕೆಯನ್ನು. ಹೊಲಮನೆಗಳಿಂದ ಬಂದ ಹುಡುಗನಿಗೆ ಆ ಭಾಷೆ ಪರರ ಅಂಗಳ; ಕಾಲಿಡಲು ತನಗೆ ಅಪ್ಪಣೆಯಿಲ್ಲವೆಂದೇ ಅವನ ಭಾವನೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಉಳಿದೆಲ್ಲ ವಿಷಯಗಳಲ್ಲಿ ತೇರ್ಗಡೆ ಹೊಂದಿ, ಇದೊಂದರಲ್ಲಿ ಎಡವಿ ಓದಿಗೆ ಶರಣು ಹೊಡೆದವರನ್ನು ನಾನು ಬಲ್ಲೆ. ಅವರಲ್ಲಿ ಬುದ್ಧಿಯ ಕೊರತೆಯಿರಲಿಲ್ಲ. ಈ ಅಂಜಿಕೆಯನ್ನು ಕೊಂಚ ಸಡಿಲಿಸಲು ನನಗೆ ಒದಗಿಬಂದವು ಹಣ್ಣುಗಳ ಹೆಸರುಗಳು.

‘ಮ್ಯಾಂಗೊ’ ಎಂಬ ಪದವನ್ನೇ ನೋಡಿರಿ. ತಮಿಳಿನ ‘ಮಾಂಗಾಯ್’ ಅಥವಾ ಮಲೆಯಾಳದ ‘ಮಾಙ್ಙ’ ಪೋರ್ಚುಗೀಸರ ಬಾಯಲ್ಲಿ ‘ಮಾಂಗ’ ಆಗಿ ಆಂಗ್ಲರಿಗೆ ದೊರೆಯಿತು. ನಡುವೆ ಮಲಯ ಭಾಷೆಯನ್ನು ಹಾದುಹೋಯಿತೆನ್ನುವವರೂ ಉಂಟು. ತಮಿಳಿನ ‘ಕಾಯ್’ ನಮ್ಮ ಕಾಯಿಯೇ. ಆದುದರಿಂದ ಆಂಗ್ಲನು ಎಷ್ಟೇ ಕಳಿತ ಹಣ್ಣನ್ನು ತಿಂದರೂ ಹೆಸರಿನ ಮಟ್ಟಿಗೆ ತಿನ್ನುವುದು ಮಾವಿನಕಾಯಿಯನ್ನು! ಅವನ ನಾಡಿಗೆ ಅದು ಮೊದಮೊದಲು ತಲಪಿದ್ದೂ ಉಪ್ಪಿನಕಾಯಿಯಾಗಿಯೇ. 18ನೆಯ ಶತಮಾನದಲ್ಲಿ ಈ ಪದಕ್ಕೆ ಉಪ್ಪಿನಕಾಯಿ ಹಾಕುವುದೆಂಬ ಅರ್ಥವೂ ಬಂದು, ಅಲ್ಲಿಯ ಗೃಹಿಣಿಯರು ಸೌತೆಕಾಯಿಯನ್ನೂ ‘ಮ್ಯಾಂಗೊ’ ಮಾಡತೊಡಗಿದರು. ‘ಜ್ಯಾಕ್‌ಫ್ರೂಟ್’ ಎಂಬಲ್ಲಿರುವ ಜ್ಯಾಕ್ ಯಾವ ದೊರೆಯೂ ಅಲ್ಲ. ಮಲೆಯಾಳದ ‘ಚಕ್ಕ’ ಪೋರ್ಚುಗೀಸರಲ್ಲಿ ‘ಜಾಕ’ ಆದುದರ ಫಲ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತಾ ಎಂಬ ವೈದ್ಯನ ಗ್ರಂಥದಲ್ಲಿ ಮಾವು, ಹಲಸು ಎರಡರ ಪ್ರಸ್ತಾಪವೂ ಇದೆ. ಅಡಕೆಗೆ ಆಂಗ್ಲರು ಹೇಳುವ ‘ಅರೆಕ’ವೂ ಮಲೆಯಾಳದಿಂದ ಹೋದುದು, ನಮ್ಮ ‘ಅಡಕೆ’ಯ ಒಡಹುಟ್ಟು. ತೋಟದ ಮನೆಯ ಹುಡುಗನೊಬ್ಬ ಇದನ್ನು ಕೇಳಿ, “ಹಾಗಾದರೆ ಇದು ನಮ್ಮ ಮಾತೇ ಸರ್!” ಎಂದು ಎದ್ದುನಿಂತ. ಅಲ್ಲಿಯವರೆಗೆ ಆತ ನನ್ನ ತರಗತಿಯಲ್ಲಿ ಬಾಯಿ ತೆರೆದವನಲ್ಲ.

‘ಆರೆಂಜ್’ ಇನ್ನೂ ದೂರದ ಪಯಣಿಗ. ಸಂಸ್ಕೃತದ ‘ನಾರಂಗ’, ಪಾರಸಿಯ ‘ನಾರಂಗ್’, ಅರಬ್ಬಿಯ ‘ನಾರಂಜ್’, ಸ್ಪೇನಿನವರ ‘ನಾರಾಂಹ’ – ಇವು ಒಂದೇ ಸರಪಣಿಯ ಕೊಂಡಿಗಳು. ‘ನಾರಂಗ’ವೇ ದ್ರಾವಿಡ ಮೂಲದ್ದಿರಬೇಕೆಂಬ ಊಹೆಯೂ ವಿದ್ವಾಂಸರಲ್ಲಿದೆ. ಮೊದಲ ‘ನ’ಕಾರ ಎಲ್ಲಿ ಕಳಚಿತು? ‘ಎ ನಾರೆಂಜ್’ ಎಂಬುದು ‘ಆ್ಯನ್ ಆರೆಂಜ್’ ಆಯಿತೆಂದು ಹೇಳುವ ವಾಡಿಕೆಯುಂಟು. ಕಥೆ ಚೆನ್ನಾಗಿದೆ, ಆದರೆ ನಿಜವಲ್ಲ. ಇಟಲಿ, ಫ್ರಾನ್ಸುಗಳಲ್ಲಿಯೇ ‘ನ’ಕಾರ ಉದುರಿದ್ದಿತು, ಆಂಗ್ಲರ ಕೈಸೇರಿದ್ದು ಬೋಳಿಸಿದ ಪದ. ಮಕ್ಕಳಿಗೆ ರುಚಿಸುತ್ತದೆಂಬ ಕಾರಣಕ್ಕೆ ಸುಳ್ಳು ವ್ಯುತ್ಪತ್ತಿಯನ್ನು ಹೇಳುವುದು ನನಗೆ ಸಮ್ಮತವಲ್ಲ.

ಈ ಬಗೆಯ ಪಾಠದಲ್ಲಿ ಇನ್ನೊಂದು ಅಪಾಯವುಂಟು. ಅಂಜಿಕೆ ಕಳೆದೊಡನೆ ಅಹಂಕಾರ ಹೊಕ್ಕು, “ಜಗತ್ತಿನ ಮಾತೆಲ್ಲ ನಮ್ಮಿಂದಲೇ ಹೋದುದು” ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಅಂಥವರ ಮುಂದೆ ನಾನು ಅನಾನಸನ್ನು ಇಡುತ್ತಿದ್ದೆ. ಅದು ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಮಾತು. ಪೋರ್ಚುಗೀಸರ ಹಡಗಿನಲ್ಲಿ ಹಣ್ಣಿನೊಡನೆಯೇ ನಮ್ಮಲ್ಲಿಗೆ ಬಂದಿತು. ಆಂಗ್ಲರು ಮಾತ್ರ ಅದನ್ನು ಕರೆದುದು ‘ಪೈನ್‌ಆ್ಯಪಲ್’ ಎಂದು; ಮೊದಲು ಅದು ಪೈನ್ ಮರದ ಕಾಯಿಯ ಹೆಸರಾಗಿತ್ತು, ‘ಆ್ಯಪಲ್’ ಎಂದರೆ ಹಿಂದೆ ಯಾವುದೇ ಹಣ್ಣೂ ಆಗಬಹುದಿತ್ತು. ಇನ್ನು ಪರಂಗಿಹಣ್ಣು ತಾನು ಪರದೇಶಿಯೆಂದು ಹೆಸರಿನಲ್ಲಿಯೇ ಸಾರುತ್ತದೆ.

ಹೆಸರನ್ನು ನಂಬಿ ಊರು ಹುಡುಕುವಂತೆಯೂ ಇಲ್ಲ. ‘ಪೀಚ್’ ಎಂದರೆ ಮೂಲದಲ್ಲಿ ಪಾರಸಿಕರ ಹಣ್ಣು, ಹುಟ್ಟಿದ್ದು ಚೀನದಲ್ಲಿ. ‘ಟ್ಯಾಮರಿಂಡ್’ ಅರಬ್ಬರ ‘ತಮರ್ ಹಿಂದೀ’, ಅಂದರೆ ಹಿಂದುಸ್ಥಾನದ ಖರ್ಜೂರ. ಹುಣಿಸೆ ಖರ್ಜೂರವಲ್ಲ, ಅದರ ತವರು ಆಫ್ರಿಕ. ಹೆಸರಿಟ್ಟವನಿಗೆ ಗೊತ್ತಿದ್ದುದು ಮಾರಿದವನ ವಿಳಾಸವಷ್ಟೆ.

‘ಫ್ರೂಟ್’ ಎಂಬುದರ ಬೇರು ಲ್ಯಾಟಿನ್ನಿನಲ್ಲಿ ಅನುಭವಿಸು, ಸವಿ ಎಂಬರ್ಥದ ಧಾತು. ‘ಫ್ರೂಯಿಷನ್’ ಎಂದರೂ ಬಹುಕಾಲ ಸವಿಯುವಿಕೆಯೆಂದೇ ಅರ್ಥವಿತ್ತು. ಹಣ್ಣಿನ ಹೆಸರಿನ ಸಾಮ್ಯದಿಂದ, ಕೈಗೊಂಡ ಕೆಲಸ ಫಲಿಸುವುದೆಂಬ ಅರ್ಥವನ್ನು ಜನ ಅದಕ್ಕೆ ಕೊಟ್ಟರು. ಪಂಡಿತರು ಇದನ್ನು ಅಶುದ್ಧವೆಂದು ಹಳಿದರು, ಪದ ಕೇಳಲಿಲ್ಲ. ನಮ್ಮ ‘ಫಲ’ ಮಾತ್ರ ಮೊದಲಿನಿಂದಲೂ ಎರಡೂ ಭಾರವನ್ನು ಯಾರ ಆಕ್ಷೇಪವೂ ಇಲ್ಲದೆ ಹೊತ್ತುಕೊಂಡು ಬಂದಿದೆ.