ಲೋಕದ ಅಂಚು

ಪುರಾತನ ಯವನ ಗ್ರಂಥಕರ್ತರು ಲೋಕದ ಅಂಚನ್ನು ಹೇಗೆ ಕಲ್ಪಿಸಿಕೊಂಡಿದ್ದರೆಂಬುದನ್ನು ನಾವು ಒಮ್ಮೆ ಒಂಬತ್ತನೆಯ ತರಗತಿಯ ಬಾಲಿಕೆಯರಿಗೆ ಹೇಳುತ್ತಿದ್ದೆವು. ಹೋಮರನ ಕಾವ್ಯಗಳಲ್ಲಿ ಓಕಿಯಾನಸ್ ಎಂಬ ಮಹಾನದಿಯು ಭೂಮಿಯನ್ನು ಸುತ್ತುವರಿದಿದೆ. ಕ್ರಿ. ಪೂ. 5ನೆಯ ಶತಮಾನದ ಹೆರೊಡೋಟಸನಿಗೆ ಪೂರ್ವದಿಕ್ಕಿನ ಕಟ್ಟಕಡೆಯ ಜನರೆಂದರೆ ಭರತಖಂಡದವರೇ. ಅದರಾಚೆ ಬರಿಯ ಮರಳು. ಇಲ್ಲಿ ನರಿಗಿಂತ ದೊಡ್ಡ ಇರುವೆಗಳು ಚಿನ್ನದ ಮರಳನ್ನು ಅಗೆಯುತ್ತವೆಂದೂ, ಕಾಡುಗಿಡಗಳಲ್ಲಿ ಕುರಿಯ ಉಣ್ಣೆಯನ್ನು ಮೀರಿಸುವ ಉಣ್ಣೆ ಬಿಡುತ್ತದೆಂದೂ ಅವನು ಬರೆದನು. ಪಾರಸಿಕ ಅರಸನ ವೈದ್ಯನಾಗಿದ್ದ ಕ್ಟೇಸಿಯಸನು, ಆ ಅರಮನೆಯಲ್ಲಿ ಕೇಳಿದ ಮಾತುಗಳನ್ನು ನೆಚ್ಚಿ, ನಮ್ಮ ದೇಶದ ಬೆಟ್ಟಗಳಲ್ಲಿ ನಾಯಿಮೋರೆಯ ಮನುಷ್ಯರಿದ್ದಾರೆಂದನು.

ತರಗತಿಯೆಲ್ಲವೂ ನಕ್ಕಿತು. ಭೀಮಾತೀರದ ಸೊನ್ನದಿಂದ ಬಂದಿದ್ದ ಬಾಲಿಕೆಯೊಬ್ಬಳು ಮಾತ್ರ ನಗದೆ ಎದ್ದು ನಿಂತು, "ಉಣ್ಣಿ ಮಾತು ಸುಳ್ಳಲ್ಲರಿ ಅಕ್ಕೋರೆ, ಅದು ನಮ್ಮ ಹೊಲದಾಗಿನ ಹತ್ತಿ" ಎಂದಳು.

ನಮ್ಮ ತಲೆ ತಗ್ಗಿತು. ಏಕೆಂದರೆ ಆಕೆಯನ್ನು ಶಾಲೆಗೆ ಸೇರಿಸಿಕೊಳ್ಳುವಾಗ, ಮೂಲೆಯ ಊರಿನ ಹುಡುಗಿಗೆ ಏನು ತಿಳಿದೀತೆಂದು, ಪರೀಕ್ಷಿಸದೆಯೇ ಒಂದು ತರಗತಿ ಹಿಂದಕ್ಕೆ ಹಾಕಿದವರು ನಾವೇ. ಸೊನ್ನವನ್ನು ನಾವು ಕಂಡಿರಲಿಲ್ಲ.

ಆ ರಜೆಯಲ್ಲಿ ಅಲ್ಲಿಗೆ ಹೋದೆವು. ಭೀಮೆಯ ಬ್ಯಾರೇಜನ್ನೂ ಕರಿಯ ಹೊಲಗಳನ್ನೂ ಕಂಡೆವು. ಬಾಲಿಕೆಯ ತಾಯಿ ರೊಟ್ಟಿ ಬಡಿಯುತ್ತ, "ನಿಮ್ಮ ಸಾಲಿ ಭಾಳ ದೂರ ಅದರಿ, ಅಲ್ಲಿ ಮಕ್ಕಳಿಗೆ ಹೊಟ್ಟಿತುಂಬ ಹಾಕ್ತಾರೇನ್ರಿ?" ಎಂದು ಕೇಳಿದಳು. ಆ ತಾಯಿಗೆ ಲೋಕದ ಅಂಚು ನಮ್ಮ ಶಾಲೆಯೇ ಆಗಿತ್ತು!

ಯವನರ ಅಂಚೂ ಹೀಗೆಯೇ ಸರಿಯುತ್ತ ಹೋಯಿತು. ಕ್ರಿ. ಶ. 1ನೆಯ ಶತಮಾನದ, ಕರ್ತೃವಿನ ಹೆಸರಿಲ್ಲದ 'ಪೆರಿಪ್ಲಸ್' ಎಂಬ ಗ್ರೀಕ್ ಗ್ರಂಥದಲ್ಲಿ ತಗರ ಪಟ್ಟಣದ ಪ್ರಸ್ತಾಪವುಂಟು. ಇಂದು ತೇರ್ ಎನಿಸುವ ಆ ಊರು ನಮ್ಮ ಆಳಂದಕ್ಕೆ ಬಹು ದೂರವಲ್ಲ. ಅಲ್ಲಿಯ ಬಟ್ಟೆ ಬಂಡಿಗಳಲ್ಲಿ ಭರುಕಚ್ಛದ ರೇವಿಗೆ ಹೋಗುತ್ತಿದ್ದಿತು. ವ್ಯಾಪಾರಿಗಳು ಬಂದು ಹೋಗುತ್ತಿದ್ದ ಈ ಸೀಮೆಯ ಜನರಿಗೆ ಅದರಲ್ಲಿ ನಾಯಿಮೋರೆಯಿಲ್ಲ. ಆದರೆ ಅದೇ ಗ್ರಂಥವು, ಪೂರ್ವ ಕರಾವಳಿಯ ಇನ್ನೂ ಆಚೆ ಕುದುರೆಮೋರೆಯವರಿದ್ದಾರೆನ್ನುತ್ತದೆ. ಅಂಚು ಅಳಿಯಲಿಲ್ಲ; ಕಾಣದ ಕಡೆಗೆ ಸರಿದು ನಿಂತಿತು.

ನಜರೇತಿನ ಹೆಸರು ಕೇಳಿ ಸಂಶಯಪಟ್ಟ ನತಾನಯೇಲನೊಡನೆ ಫಿಲಿಪ್ಪನು ವಾದಿಸಲಿಲ್ಲ; ಬಂದು ನೋಡೆಂದು ಕರೆದನು. ಪ್ರಿಯ ತಾಯಿತಂದೆಗಳೇ, ಪೂರ್ವ ವಿದ್ಯಾರ್ಥಿನಿಯರೇ, ಆ ಬಾಲಿಕೆಯ ಒಂದು ವರ್ಷವನ್ನು ನಾವು ಹಿಂದಕ್ಕೆ ಕೊಡಲಾರೆವು. ಅಂದಿನಿಂದ, ಶಾಲೆಗೆ ಸೇರಲು ಬಂದ ಮಗುವಿನ ಓದನ್ನು ಮೊದಲು ಕೇಳಿ, ಊರಿನ ಹೆಸರನ್ನು ಅನಂತರವೇ ಕೇಳುತ್ತಿದ್ದೇವೆ.